ಅಕ್ಕ ಆಡುತ್ತಿದ್ದ ಫೈಟಿಂಗ್ ಮಷಿನ್

ಕಳೆದ ವರ್ಷ ದಸರಾ ರಜೆಗೆ ಸ್ವಲ್ಪ ಮೊದಲು, ಒಂದು ಮಾತು ಹೇಳಲೇಬೇಕಾದಲ್ಲಿ ನಾನು ಹೇಳಲಿಲ್ಲ. ಅದರಿಂದ ನನ್ನ ಅಕ್ಕನ ದೊಡ್ಡ ಖುಷಿಯೊಂದು ಹೋಯಿತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮಂಗಳೂರಿನ ಒಂದು ಮಾಲ್‌ನ ಗೇಮ್ ಝೋನಿನಲ್ಲಿ ಮಷಿನ್ ನೋಡಿಕೊಳ್ಳುವ ಕೆಲಸ. ಈಗ ಅಲ್ಲಿ ಎಲ್ಲರಿಗೂ ಬೇಕಾದದ್ದು ಟಿಕೆಟ್ ಉದುರಿಸುವ ಮಷಿನ್‌ಗಳು. ಟಿಕೆಟ್ ಒಟ್ಟುಮಾಡಿ ಕೊಟ್ಟರೆ ಗೊಂಬೆ ಸಿಗುತ್ತದೆ. ಇಬ್ಬರು ಎದುರುಬದುರಾಗಿ ಪರದೆಯ ಮೇಲೆ ಗುದ್ದಾಡುವ ಫೈಟಿಂಗ್ ಮಷಿನ್ ಒಂದೇ ಒಂದು, ಹಿಂದಿನ ಮೂಲೆಯಲ್ಲಿ ಉಳಿದಿತ್ತು. ಗೆದ್ದರೆ ಅದು ಏನೂ ಕೊಡುವುದಿಲ್ಲ.

ಅಕ್ಕ ಸುಜಾತ ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ಬಟ್ಟೆ ಒಗೆದು ಮಡಚುವ ಕೆಲಸದವಳು. ಗುರುವಾರ ರಜೆ. ಒಮ್ಮೆ ನನಗೆ ಊಟ ತಂದವಳು ಸುಮ್ಮನೆ ಆ ಮಷಿನ್ ಮುಟ್ಟಿದಳು, ಅಷ್ಟೇ, ಮತ್ತೆ ಪ್ರತಿ ಗುರುವಾರ ಆಡಲು ಬರತೊಡಗಿದಳು. ಮೂರು ತಿಂಗಳಲ್ಲಿ ಕಾಲೇಜು ಹುಡುಗರು ಅವಳೆದುರು ಸೋಲತೊಡಗಿದರು. ಅವರ ಹಾಗೆ ಅವಳು ಗುಂಡಿಗಳನ್ನು ಕುಟ್ಟುತ್ತಿರಲಿಲ್ಲ. ಪರದೆಯಲ್ಲಿ ಎದುರಿನವನು ಕಾಲೆತ್ತುವವರೆಗೆ ಕಾದು, ತಡೆದು, ಒಂದೇ ಏಟು.

"ಎಂತ ಕೈ ಮಾರಾಯ್ರೆ ನಿಮ್ದು!" ಎಂದ ಒಬ್ಬ.

"ದಿನಾ ಮುನ್ನೂರು ಬೆಡ್‌ಶೀಟ್ ಮಡಚು, ನಿಂಗೂ ಬರ್ತದೆ," ಎಂದಳು ಅಕ್ಕ.

ಅವಳು ಬರುವುದನ್ನೇ ಕಾಯುವ ಜನ ಇದ್ದದ್ದು ಆ ಮೂಲೆಯಲ್ಲಿ ಮಾತ್ರ.

ಅಲ್ಲಿ ಪ್ರತಿ ಆಟಕ್ಕೂ ದುಡ್ಡು ತುಂಬಿಸಿದ ಕಾರ್ಡನ್ನು ಮಷಿನ್‌ಗೆ ಉಜ್ಜಬೇಕು. ಅವಳ ದುಡ್ಡು ಯಾಕೆ ಖರ್ಚಾಗಬೇಕೆಂದು, ಮಷಿನ್ ಪರೀಕ್ಷಿಸಲು ನನಗೆ ಕೊಟ್ಟಿದ್ದ ಕಾರ್ಡನ್ನೇ ಅವಳಿಗೂ, ಜೊತೆಗೆ ಜನ ಸಿಗಲೆಂದು ಅವಳೆದುರು ಆಡುವವರಿಗೂ ಉಜ್ಜುತ್ತಿದ್ದೆ. ಆ ಕಾರ್ಡಿನಲ್ಲಿ ಆಡಿದ್ದು ಕಂಪ್ಯೂಟರಿನಲ್ಲಿ ದಾಖಲಾಗುವುದಿಲ್ಲ.

ಒಂದು ದಿನ ಮ್ಯಾನೇಜರ್ ಕಂಪ್ಯೂಟರ್ ನೋಡಿ, "ಇದನ್ನು ಆಡುವವರೇ ಇಲ್ವಲ್ಲ ಮಾರಾಯ. ತೆಗೆದು ಟಿಕೆಟಿನದ್ದು ಇಡುವ. ಎಂತ ಹೇಳ್ತಿ?" ಎಂದರು.

ಆಡುತ್ತಾರೆ ಎಂದರೆ ಕಾರ್ಡಿನ ವಿಷಯ ಹೊರಬೀಳುತ್ತಿತ್ತು, ಕೆಲಸ ಹೋಗುತ್ತಿತ್ತು. "ಆಯ್ತು ಸರ್," ಎಂದೆ.

ಆ ಗುರುವಾರ ಅಕ್ಕ ಬಂದು, "ನಮ್ಮ ಮಷಿನ್ ಎಲ್ಲಿ ಉಂಟು?" ಎಂದಳು. ರಿಪೇರಿಗೆ ಹೋಗಿದೆ ಎಂದೆ. ನಂಬಿದಳು. ಮುಂದಿನ ಎರಡು ಗುರುವಾರವೂ ಬಂದು ಕೇಳಿ, ಬರಿಗೈ ಬೀಸಿಕೊಂಡು ಹೋದಳು. ನಾಲ್ಕನೆಯ ಸಲ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲ ಕೇಳಿದಳು: "ನಾನು ಜೋರು ಒತ್ತಿ ಹಾಳಾದದ್ದಾ? ನಿಂಗೆ ಮ್ಯಾನೇಜರ್ ಬೈದ್ರಾ?"

ಅಷ್ಟು ಚೆನ್ನಾಗಿ ಆಡುವವಳು ತಪ್ಪನ್ನು ತನ್ನ ಕೈಯಲ್ಲೇ ಹುಡುಕುತ್ತಿದ್ದಳು. ನನಗೆ ಇನ್ನು ತಡೆಯಲಾಗಲಿಲ್ಲ. ಕಾರ್ಡಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ.

"ನೀನು ಹಾಳು ಮಾಡಿದ್ದಲ್ಲ ಅಕ್ಕ. ನೀನು ಆಡ್ತಿ ಅಂತ ಹೇಳ್ಲಿಕ್ಕೆ ನಾನು ಹೆದರಿದೆ. ನಂದೇ ತಪ್ಪು. ಕ್ಷಮಿಸು ಅಕ್ಕ."