ಸೆಟ್ ಎಂಬ ಪುಟ್ಟ ಪದ

ಇವತ್ತು ಬೆಳಿಗ್ಗೆ ನಂಜನಗೂಡಿನ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕೂತಿದ್ದೆ. ಸಪ್ಲೈಯರ್ ಅಡುಗೆಮನೆಯ ಕಡೆ ತಿರುಗಿ "ಒಂದು ಸೆಟ್" ಎಂದು ಕೂಗಿದ. ಕೂಗಿದ್ದು ನನ್ನ ದೋಸೆಗೇ, ಆದರೂ ಎದೆ ಧಸಕ್ಕೆಂದಿತು. ತಾನೇ ಹೇಳಿದ ದೋಸೆಯ ಹೆಸರಿಗೆ ಹೆದರುವ ಹೆಂಗಸನ್ನು ನೀವು ನೋಡಿರಲಿಕ್ಕಿಲ್ಲ. ದೋಸೆ ಬರುವ ತನಕ ಜೊತೆಗೆ ಕೂರಿ, ಹೇಳುತ್ತೇನೆ.

ನನ್ನ ಅಕ್ಕ ಇರುವುದು ತಿ. ನರಸೀಪುರದಲ್ಲಿ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಆಗಿದ್ದು ನಿವೃತ್ತಳಾದವಳು. ಇಂಗ್ಲಿಷ್ ಪೇಪರಿನ ಪದಬಂಧವನ್ನು ಪೆನ್ಸಿಲ್ ಮುಟ್ಟದೆ ಪೆನ್ನಿನಲ್ಲೇ ತುಂಬುವಷ್ಟು ಜಂಭ ಅವಳಿಗೆ. ನಾನೋ ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದಿಕೊಂಡೇ ತಲೆ ನರೆಸಿಕೊಂಡವಳು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೂ ಅಮ್ಮ ತೀರಿಕೊಂಡ ವರ್ಷದಿಂದ ದಿನಾ ಕಾಫಿಯ ಹೊತ್ತಿಗೆ ಇಬ್ಬರೂ ಫೋನಿನಲ್ಲಿ ಒಂದು ಆಟ ಆಡುತ್ತೇವೆ. ಚಿಕ್ಕದೊಂದು ಇಂಗ್ಲಿಷ್ ಪದ ಹಿಡಿದು, ಅದರ ಒಂದೊಂದು ಅರ್ಥವನ್ನೂ ಕನ್ನಡದ ವಾಕ್ಯದಲ್ಲಿ ಕೂರಿಸಿ, ಸರದಿಯ ಮೇಲೆ ಹೇಳಬೇಕು. ಒಮ್ಮೆ ಬಂದದ್ದು ಮತ್ತೆ ಬಂದರೆ ಔಟ್.

ಸೆಟ್ ನಮಗೆ ಅಚ್ಚುಮೆಚ್ಚು. ಬಾವಿಗೆ ಪಂಪ್‌ಸೆಟ್ಟು, ಭಾವನ ಬಾಯಿಗೆ ಹಲ್ಲಿನ ಸೆಟ್ಟು, ಮದುವೆಗೆ ಹವಳದ ಸೆಟ್ಟು. ತಾರಸಿ ಸೆಟ್ಟಾಗುವವರೆಗೆ ಯಾರೂ ಕಾಲಿಡಬಾರದು. ತಾಂಡ್ಯದ ಫ್ಯಾಕ್ಟರಿಯವನಿಗೆ ಹೆಡತಲೆ ಊರಿನ ಹುಡುಗಿ ಸೆಟ್ಟಾದಳು. ಇಂಗ್ಲಿಷಿನವರು ಆ ಪದವನ್ನು ಹೇಗೆ ಸಾಕಿದ್ದರೋ ಕಾಣೆ, ನಮ್ಮವರಂತೂ ಜಗಲಿಯಿಂದ ಹಿತ್ತಲವರೆಗೆ ಓಡಾಡಿಸಿದ್ದಾರೆ. ಆಟದಲ್ಲಿ ಅಕ್ಕನಿಗೆ ದಯೆ ದಾಕ್ಷಿಣ್ಯವಿರಲಿಲ್ಲ. ಹೇಳಿದ್ದನ್ನೇ ಹೇಳಿದೆನೋ, "ಔಟ್. ಕಾಫಿ ಕುಡಿಯೋಗು" ಎನ್ನುತ್ತಿದ್ದಳು.

ಆಟ ಎಂದೆ. ನಿಜ ಹೇಳಬೇಕೆಂದರೆ ಅದು ಭಯಕ್ಕೆ ಕಟ್ಟಿಕೊಂಡ ತಾಯಿತ. ಅಮ್ಮನಿಗೆ ಕೊನೆಗಾಲದಲ್ಲಿ ಮರೆವು ಹತ್ತಿತ್ತು. ಮೊದಲು ಹೋದದ್ದು ಸಣ್ಣ ಸಣ್ಣ ಮಾತುಗಳು. ಸೌಟು ಎದುರಿಗೇ ಇದ್ದರೂ "ಅದು ಕೊಡು, ಅದು" ಎನ್ನುತ್ತಿದ್ದಳು. ಆಮೇಲೆ ಚಿಲಕ, ಮೊರ, ಉಪ್ಪು ಹೋದವು. ಒಂದು ದಿನ ನನ್ನನ್ನು "ನೀವು ಯಾರ ಕಡೆಯವರು ತಾಯಿ?" ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ಆ ಮರ್ಯಾದೆ ಈಗಲೂ ಕಿವಿಯಲ್ಲಿದೆ. ಇದು ವಂಶದಲ್ಲಿ ಇಳಿದು ಬರುತ್ತದಂತೆ ಎಂದು ಯಾರೋ ಅಂದರು. ಅಕ್ಕ ದೊಡ್ಡವಳು, ಬಂದರೆ ಮೊದಲು ಅವಳಿಗೇ ಎಂದುಕೊಂಡೆ. ಅಂದಿನಿಂದ ಆಟದ ನೆಪದಲ್ಲಿ, ಎಲ್ಲಾದರೂ ಎಡವುತ್ತಾಳೇನೋ ಎಂದು ಅವಳ ದನಿಗೇ ಕಿವಿಯಿಟ್ಟು ಕೂರುತ್ತಿದ್ದೆ.

ಹೋದ ತಿಂಗಳು ಎಡವಿದಳು. ಅವತ್ತೂ ಸೆಟ್ ಆಡುತ್ತಿದ್ದೆವು. ಮೊಸರು ಗಟ್ಟಿಯಾಗಿ ಸೆಟ್ಟಾಗಿದೆ ಎಂದೆ ನಾನು. ಅವಳ ಸರದಿ. ಆ ಕಡೆಯಿಂದ ಮಾತೇ ಇಲ್ಲ. ಕರೆದರೆ "ನಾಳೆ ಮಾಡ್ತೀನಿ ಕಣೇ" ಎಂದು ಫೋನ್ ಇಟ್ಟುಬಿಟ್ಟಳು. ಸಾಯಂಕಾಲ ಭಾವ ಫೋನ್ ಮಾಡಿದರು. ಮುಡುಕುತೊರೆ ಕಡೆ ಹೊಲ ನೋಡಿಕೊಂಡಿರುವ ಮನುಷ್ಯ, ಮಾತು ಕಡಿಮೆ. "ನಿಮ್ಮಕ್ಕ ಬೆಳಿಗ್ಗೆಯಿಂದ ಊಟ ಬುಟ್ಟವ್ಳೆ ಕಣವ್ವ. ಒಂದ್ಸಲ ಬಂದೋಗು" ಎಂದರು.

ಮರುದಿನ ಮೊದಲ ಬಸ್ಸು ಹತ್ತಿದೆ. ಕಿಟಕಿಯಾಚೆ ಗದ್ದೆಯೋ ಕಬ್ಬೋ, ಯಾವುದೂ ಕಣ್ಣಿಗೆ ಹತ್ತಲಿಲ್ಲ. ಅಕ್ಕ ನನ್ನನ್ನು ನೋಡಿ "ನೀವು" ಎಂದುಬಿಟ್ಟರೆ? ಅದೊಂದೇ ಯೋಚನೆ. ನಂಜುಂಡನಿಗೆ ಹರಕೆಯನ್ನೂ ಹೊತ್ತೆ.

ಬಾಗಿಲಲ್ಲೇ ನಿಂತಿದ್ದ ಅಕ್ಕ ಹೆಸರು ಹಿಡಿದು "ಬಾರೇ" ಎಂದಳು. ಹೋದ ಜೀವ ಬಂದಂತಾಯಿತು. ಆದರೆ ಅವಳು ಜ್ವರ ಬಂದ ಮಗುವನ್ನು ನೋಡುವ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಒಬ್ಬಳೇ ಬಂದ್ಯಾ? ಬಸ್ಸು ಗೊತ್ತಾಯ್ತಾ?"

"ನನಗ್ಯಾಕೆ ಗೊತ್ತಾಗಲ್ಲ? ಉಣ್ಣದೆ ಕೂತಿರೋಳು ನೀನು."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೆನ್ನೆ ನೀನು ಮೊಸರು ಸೆಟ್ಟಾಗಿದೆ ಅಂತ ಮೂರು ಸಲ ಹೇಳ್ದೆ ಕಣೇ, ಒಂದೇ ಆಟದಲ್ಲಿ. ಮೂರು ಸಲಾನೂ ಈಗ್ಲೇ ಹೊಳೀತು ಅನ್ನೋ ಹಂಗೆ ನಕ್ಕೆ."

ನನಗೆ ಒಂದೇ ಸಲದ ನೆನಪು. ಎಷ್ಟು ತಡಕಿದರೂ ಒಂದೇ.

"ಔಟ್ ಅನ್ನಬಾರದಿತ್ತಾ?"

"ಗೌರಿಹಬ್ಬದಿಂದ ಈಚೆಗೆ ಹಿಂಗೇ ಆಗ್ತಾ ಇದೆ. ಔಟ್ ಅನ್ನೋಕೆ ಬಾಯಿ ಬರಲಿಲ್ಲ."

ಹಬ್ಬ ಕಳೆದ ಮೇಲೆ ನಾನು ಔಟೇ ಆಗಿಲ್ಲವೆಂದು ಪಕ್ಕದ ಮನೆಯವರ ಹತ್ತಿರ ಜಂಭ ಕೊಚ್ಚಿಕೊಂಡಿದ್ದೆ.

ಅಕ್ಕನೇ ನನ್ನನ್ನು ಮೈಸೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಸ್ಕ್ಯಾನ್ ಆಯಿತು, ಇನ್ನೂ ನೋಡಬೇಕು ಎಂದಿದ್ದಾರೆ. ನನಗೆ ಭಯವಾಗಿದೆ. ಅದನ್ನು ನಿಮ್ಮೆದುರು ಮುಚ್ಚಿಟ್ಟು ಏನು ಮಾಡಲಿ? ಬೀಳ್ಕೊಡುವಾಗ ಅಕ್ಕನನ್ನು ಕೇಳಿಕೊಂಡದ್ದು ಒಂದೇ: "ಇನ್ಮೇಲೆ ಕರುಣೆ ತೋರಿಸಬೇಡ. ಔಟಾದ್ರೆ ಔಟ್ ಅನ್ನು."

ದೋಸೆ ಬಂತು. ಅಷ್ಟರಲ್ಲೇ ಅಕ್ಕನ ಫೋನೂ ಬಂತು. ಇವತ್ತಿನ ಪದ ಕಟ್ ಎಂದಳು. ನಾನು ಕರೆಂಟ್ ಕಟ್ಟಾಗಿದೆ ಎಂದೆ, ಅವಳು ಸಂಬಳ ಕಟ್ ಮಾಡಿದರು ಎಂದಳು. ಹೀಗೇ ಸಾಗಿತು. ಯಾವುದೋ ಒಂದು ಬಹಳ ಚೆನ್ನಾಗಿ ಹೊಳೆಯಿತು, ಹೇಳಿ ನಾನೇ ಮೆಚ್ಚಿ ನಕ್ಕೆ. ಆಮೇಲೆ ಅಕ್ಕ, ದನಿ ನಡುಗದ ಹಾಗೆ ಹಿಡಿದುಕೊಂಡು, ಮೆಲ್ಲಗೆ "ಔಟ್" ಎಂದಳು.