ಪಕ್ಷಿವೀಕ್ಷಕಿಯ ಗಂಡ

ನಾರ್ಫೋಕ್ ಕಡಲಂಚಿನಲ್ಲಿ, ಹಕ್ಕಿ ನೋಡುವವರ ಮರದ ಗುಡಿಸಲಿನಲ್ಲಿ ಕೂತು "ಅಗೋ, ಹಿಮಗೂಬೆ" ಎಂದು ಡೆರೆಕ್ ಕೂಗಿದ್ದು ಬೇಲಿಗೆ ಸಿಕ್ಕಿಕೊಂಡ ಬಿಳಿ ಪ್ಲಾಸ್ಟಿಕ್ ಚೀಲವನ್ನು ನೋಡಿ. ದುರ್ಬೀನುಗಳೆಲ್ಲ ಮೊದಲು ಚೀಲದತ್ತ, ಆಮೇಲೆ ಅವನತ್ತ ತಿರುಗಿದವು. ನಗದೇ ಇದ್ದವರು ಹೆಡ್ಲಿ ಒಬ್ಬರೇ; ಹಿಂದೆ ನಿಧಾನವಾಗಿ ಬರುತ್ತಿದ್ದ ಹೆಂಡತಿ ಬೆರಿಲ್‌ಳನ್ನು ಕರೆತರಲು ಅವರು ಎದ್ದುಹೋದರು. ಹೆಡ್ಲಿ ಪಕ್ಷಿವೀಕ್ಷಕಿಯರ ಗಂಡಂದಿರ ಜಾತಿಗೆ ಸೇರಿದವರು. ಈ ಜಾತಿ ಜನವರಿ ಬಂತೆಂದರೆ ಫ್ಲಾಸ್ಕು, ಮೊಟ್ಟೆಯ ಸ್ಯಾಂಡ್‌ವಿಚ್ಚು ಹೊತ್ತು ಕಡಲತೀರಕ್ಕೆ ವಲಸೆ ಬರುತ್ತದೆ, ಸಮುದ್ರಕ್ಕೆ ಬೆನ್ನು ಹಾಕಿ ತೂಕಡಿಸುತ್ತದೆ, ಎಬ್ಬಿಸಿ ಯಾವ ಹಕ್ಕಿ ತೋರಿಸಿದರೂ "ಬಾತುಕೋಳಿ ಥರಾನೇ ಇದೆಯಲ್ಲೇ" ಎನ್ನುತ್ತದೆ. ಕೊಕ್ಕರೆಗೂ ಅದೇ ಮಾತು, ಗಿಡುಗಕ್ಕೂ ಅದೇ. "ನಿಮ್ಮ ಬದಲು ಒಂದು ಛತ್ರಿ ತಂದಿದ್ರೆ ಸಾಕಿತ್ತು" ಎಂದು ಬೆರಿಲ್ ಹಂಗಿಸಿದರೆ, "ಛತ್ರಿ ಟೀ ಬಗ್ಗಿಸಿ ಕೊಡುತ್ತಾ?" ಎನ್ನುತ್ತಾರೆ. ಆದರೆ ಈ ಚಳಿಗಾಲ ಬೆರಿಲ್ ಕಣ್ಣಿಗೆ ಮಂಜು ಕವಿದುಬಿಟ್ಟಿದೆ. ಜೀವಮಾನವೆಲ್ಲ ಕಾದರೂ ಹಿಮಗೂಬೆಯೊಂದು ಮಾತ್ರ ಕಂಡಿಲ್ಲ. ಹೆಂಡತಿಯನ್ನು ಕೂರಿಸಿ, ಹೆಡ್ಲಿ ಮೊದಲ ಸಲ ಸಮುದ್ರದತ್ತ ಮುಖಮಾಡಿ ಅವಳ ಕಿವಿಯಲ್ಲಿ ಹೇಳತೊಡಗಿದರು: "ಬೇಲಿ ಮೇಲಿದೆ ಕಣೇ, ಹಿಮಗೂಬೆ. ಬೆಳ್ಳಗಿದೆ. ಗಾಳಿಗೆ ರೆಕ್ಕೆ ಬಿಚ್ತಾ ಇದೆ, ಮುಚ್ತಾ ಇದೆ." ಬೆರಿಲ್ ಕೈಗವಸನ್ನು ಬಾಯಿಗೊತ್ತಿಕೊಂಡಳು. ಗುಡಿಸಲಿನ ದುರ್ಬೀನುಗಳೆಲ್ಲ ಮತ್ತೆ ಚೀಲದತ್ತ ತಿರುಗಿದವು. ಹೊರಗೆ ಸಿಕ್ಕಾಗ "ಯಾವ ಗೂಬೆ, ಹೆಡ್ಲಿಯವರೇ?" ಎಂದು ಡೆರೆಕ್ ಮೆಲ್ಲಗೆ ಕೇಳಿದ. "ಕಂಡುಹಿಡಿದವರು ನೀವು," ಎಂದರು ಹೆಡ್ಲಿ. "ನನಗೇನೋ ಅದೂ ಬಾತುಕೋಳಿ ಥರಾನೇ ಕಾಣಿಸ್ತು."