ತೋಡಿನ ದಂಡೆಯಲ್ಲಿ ನನ್ನ ನಾಯಿ

ನಾಯಿ ನನ್ನದು ಎನ್ನುವುದಕ್ಕೆ ನನ್ನಲ್ಲಿ ವಾದಗಳ ಕೊರತೆಯಿರಲಿಲ್ಲ. ಕೊಚ್ಚಿಯ ಮಳೆಯಲ್ಲಿ ನಡುಗುತ್ತಿದ್ದ ಮರಿಯನ್ನು ಎತ್ತಿ ತಂದವಳು ನಾನು. ಅಪ್ಪನಿಗೆ ತಿರುವನಂತಪುರಕ್ಕೆ ವರ್ಗವಾದಾಗ, ಸಾಮಾನಿನ ಲಾರಿಯ ಮುಂದಿನ ಸೀಟಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದವಳೂ ನಾನೇ. ಆದರೆ ಸಂಜೆ ಕ್ವಾರ್ಟರ್ಸಿನ ಹಿಂದೆ ಹರಿಯುವ ತೋಡಿನ ದಂಡೆಗೆ ಹೋಗಿ ಸರಪಳಿ ಬಿಚ್ಚಿದರೆ ಸಾಕು, ಅದು ನೆಟ್ಟಗೆ ಓಡುತ್ತಿದ್ದುದು ಪಕ್ಕದ ಬೀದಿಯ ಚೇಚಿಯ ಹತ್ತಿರ.

ಆ ದಂಡೆಯ ಬಯಲಿನಲ್ಲಿ ಸುತ್ತಲಿನವರೆಲ್ಲ ನಾಯಿಗಳನ್ನು ಬಿಟ್ಟು ಹರಟುತ್ತ ನಿಲ್ಲುತ್ತಿದ್ದರು. ಚೇಚಿ ಯಾವುದೋ ಕಚೇರಿಯಲ್ಲಿ ಟೈಪಿಸ್ಟು. ನನಗಿಂತ ಸ್ವಲ್ಪ ದೊಡ್ಡವಳು, ಅದಕ್ಕೇ ಚೇಚಿ, ಅಂದರೆ ಅಕ್ಕ. ಅವಳಿಗೆ ಸ್ವಂತದ್ದೊಂದು ಕರಿನಾಯಿ ಇತ್ತು. ಅಷ್ಟು ಸಾಲದೆ?

ಎದುರಾಳಿಯ ವಾದದ ಬುಡ ಹುಡುಕಬೇಕೆಂದು ಕಾಲೇಜಿನ ಚರ್ಚಾಕೂಟದಲ್ಲಿ ಕಲಿಸಿದ್ದರು. ಹುಡುಕಿದೆ. ಚೇಚಿ ತರುತ್ತಿದ್ದ ಬಾಳೆಲೆಯ ಪೊಟ್ಟಣದಲ್ಲಿ ಮತ್ತಿ ಮೀನಿನ ತಲೆಗಳು ಸಿಕ್ಕವು. ನಮ್ಮ ಮನೆಯಲ್ಲೋ ನಾಯಿಗೆ ಎರಡು ಹೊತ್ತೂ ಮೊಸರನ್ನ. ಏಕಾದಶಿಯ ದಿನ ಅದೂ ಇಲ್ಲ, ಬರೀ ಹಾಲು.

"ನಾಯಿಗೆ ಏಕಾದಶಿ ಅಂತ ಯಾವ ಶಾಸ್ತ್ರದಲ್ಲಿದೆ, ತೋರ್ಸಮ್ಮ," ಎಂದು ಅಮ್ಮನ ಮೇಲೆ ಹರಿಹಾಯ್ದೆ.

"ನಿನಗೆ ಯಾವ ಶಾಸ್ತ್ರದ ಮೇಲೆ ನಂಬಿಕೆ ಇದೆ, ಅದನ್ನ ಮೊದಲು ಹೇಳು. ನಮ್ಮನೇಲಿರೋದಕ್ಕೆ ನಮ್ಮನೆ ಪದ್ಧತಿ ಕಣೇ."

ಅಮ್ಮನ ಜೊತೆ ವಾದ ಮಾಡಿ ಗೆದ್ದವರಿಲ್ಲ. ಮರುಸಂಜೆ ಚೇಚಿಯನ್ನೇ ಹಿಡಿದೆ. "ಲಂಚ ಕೊಟ್ಟು ಗೆದ್ದರೆ ಅದು ಗೆಲುವಲ್ಲ ಚೇಚಿ," ಎಂದೆ, ನನ್ನ ಮುರುಕು ಮಲಯಾಳದಲ್ಲಿ.

ಅವಳು ಮಗಳನ್ನು ಕರೆಯುವಂತೆ 'ಮೋಳೇ' ಎನ್ನುತ್ತ ನಕ್ಕುಬಿಟ್ಟಳು. "ಇದರಲ್ಲಿ ಗೆಲ್ಲೋದು ಏನುಂಟು ಮೋಳೇ? ಸರಿ, ನಾಳೆಯಿಂದ ಮೀನು ತರೋಲ್ಲ."

ಮಾತು ಉಳಿಸಿಕೊಂಡಳು. ನಾನು ನಂಬದೆ ಅವಳ ಅಂಗೈ ಮೂಸಿಯೂ ನೋಡಿದೆ, ಸೋಪಿನ ವಾಸನೆಯಷ್ಟೇ. ನಾನು ಮಾತ್ರ ಅಮ್ಮನ ಕಣ್ಣು ತಪ್ಪಿಸಿ ತುಪ್ಪದ ದೋಸೆ ಒಯ್ಯುತ್ತಿದ್ದೆ. ಅದು ಲಂಚವಲ್ಲ, ಸಾಕಿದವಳ ಹಕ್ಕು ಎಂಬುದು ನನ್ನ ವಾದ.

ನಾಯಿ ದೋಸೆಯನ್ನು ಪೂರ್ತಿ ತಿಂದಿತು. ನನ್ನ ಬೆರಳುಗಳನ್ನೂ ಚೊಕ್ಕವಾಗಿ ನೆಕ್ಕಿತು. ಆಮೇಲೆ ಬಯಲು ದಾಟಿ ಹೋಗಿ ಚೇಚಿಯ ಪಾದದ ಮೇಲೆ ಗಲ್ಲವಿಟ್ಟು ಮಲಗಿತು. ಅವಳು ಅದನ್ನು ಕರೆದಿರಲೇ ಇಲ್ಲ. ಯಾರೊಡನೆಯೋ ಅಕ್ಕಿಯ ವಿಷಯ ಮಾತಾಡುತ್ತಿದ್ದವಳು, ಕೆಳಗೆ ನೋಡದೆಯೇ ಕಾಲನ್ನು ಅಲ್ಲಾಡಿಸದೆ ನಿಂತಳು. ನನ್ನ ಹೊಟ್ಟೆ ಉರಿದದ್ದು ಆ ಅಲ್ಲಾಡದ ಕಾಲನ್ನು ನೋಡಿ. ಎಷ್ಟು ದಿನದ ರೂಢಿಯಿರಬೇಕು ಅದು!

ವಾರವಿಡೀ ಹೀಗೇ ಆಯಿತು. ಕೊನೆಗೊಂದು ಸಂಜೆ ಚೇಚಿ ಬಗ್ಗಿ ಅದರ ಕಿವಿ ಕೆರೆಯುತ್ತ, "ಪಾಪ, ಬಾಯಿ ಕೆಟ್ಟುಹೋಗಿರುತ್ತೆ ಇದಕ್ಕೆ. ಮೀನು ಇನ್ನೂ ಬೇಡವಾ ಮೋಳೇ?" ಎಂದಳು.

"ನಾಳೆಯಿಂದ ತನ್ನಿ," ಎಂದೆ.

ಮೀನಿಗೆ ಸೋತೆನೆಂದರೆ ಹೇಗೋ ತಡೆದುಕೊಳ್ಳಬಹುದಿತ್ತು; ಬರಿಗೈಯಲ್ಲಿ ನಿಂತವಳಿಗೆ ಸೋತದ್ದನ್ನು ಆಗುತ್ತಿರಲಿಲ್ಲ.